ಟೆಕ್ ಸಮಿಟ್‌ಗೆ ಹೋಗ್ರಿ, ಊರಿನ ಒಂದು ಪ್ರಶ್ನೆ ತಗೊಂಡು ಹೋಗ್ರಿ

ನವೆಂಬರ್ ಹತ್ತಿರ ಬಂತು ಅಂದ್ರೆ ಕ್ಲಾಸ್ ಗ್ರೂಪಿನಲ್ಲಿ ಒಂದೇ ಮೆಸೇಜ್: "ಬಿಟಿಎಸ್‌ಗೆ ಯಾರ್ಯಾರು ಬರ್ತೀರಿ?" ಕೊರಿಯಾದ ಬ್ಯಾಂಡ್ ಅಲ್ರಿ, ಬೆಂಗಳೂರು ಟೆಕ್ ಸಮಿಟ್. ಉತ್ತರಗಳು ಎರಡೇ ತರ. ಒಂದು, "ನಡೀರಿ, ಟೀ-ಶರ್ಟ್ ಸಿಗ್ತದ, ಲಿಂಕ್ಡ್‌ಇನ್‌ಗೆ ಫೋಟೊ ಆಗ್ತದ." ಇನ್ನೊಂದು, "ಎಲ್ಲಾ ಯೂಟ್ಯೂಬಿನಾಗ ಬರ್ತದ, ಸುಮ್ನೆ ರೊಕ್ಕ ಯಾಕ ಹಾಳು ಮಾಡ್ತಿ?" ನನ್ನ ಪ್ರಕಾರ ಎರಡೂ ತಪ್ಪು.

1998ರಲ್ಲಿ ರಾಜ್ಯ ಸರ್ಕಾರ ಇದನ್ನು 'ಬೆಂಗಳೂರು ಐಟಿ.ಕಾಮ್' ಅಂತ ಶುರು ಮಾಡಿದಾಗ ನಾವ್ಯಾರೂ ಹುಟ್ಟಿರಲಿಲ್ಲ. 2017ರಲ್ಲಿ ಐಟಿ ಮತ್ತು ಬಯೋಟೆಕ್ ಎರಡೂ ಸೇರಿ ಈಗಿನ ಹೆಸರು ಬಂತು. ಬೆಂಗಳೂರು ಅರಮನೆಯಲ್ಲಿ ನಡೆಯುತ್ತಿದ್ದದ್ದು 2025ರಲ್ಲಿ, 28ನೇ ವರ್ಷಕ್ಕೆ, ತುಮಕೂರು ರಸ್ತೆಯ ಬಿಐಇಸಿಗೆ ಹೋಯಿತು. ಮೂರು ದಿನ ಭಾಷಣ, ಸ್ಟಾರ್ಟಪ್ ಮಳಿಗೆ, ಬೇರೆ ಬೇರೆ ದೇಶಗಳ ಪೆವಿಲಿಯನ್. ಭಾಷಣ ಆಮೇಲೆ ಯೂಟ್ಯೂಬಿನಲ್ಲಿ ಸಿಗಬಹುದು. ಆದರೆ ಮಳಿಗೆಯಲ್ಲಿ ನಿಂತಿರುವ ಇಂಜಿನಿಯರ್ ಸಿಗಲ್ಲ.

ಬೆಂಗಳೂರಿನ ಹುಡುಗರಿಗೆ ಇದು ಒಂದು ಮೆಟ್ರೊ ಟಿಕೆಟ್. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಬಂದ ನಮಗೆ ಹತ್ತಿರ ಹತ್ತಿರ 500 ಕಿಲೋಮೀಟರ್. ಬೈಲಹೊಂಗಲಕ್ಕೆ ರೈಲಿಲ್ಲ. ಬಸ್ಸಿನಲ್ಲಿ ಧಾರವಾಡಕ್ಕೋ ಬೆಳಗಾವಿಗೋ ಹೋಗಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಬೇಕು. ಆ ರೊಕ್ಕ ಮನೆಯದು. ಅಷ್ಟು ಖರ್ಚು ಮಾಡಿ ಒಂದು ಟೀ-ಶರ್ಟ್, ನಾಲ್ಕು ಪೆನ್ನು ತಂದರೆ ಲೆಕ್ಕ ಕೂಡಲ್ಲ.

ಹೇಗೆ ಹೋಗಬೇಕು ಅನ್ನೋದು ನಮ್ಮ ಮನೆಯವರಿಗೆ ಗೊತ್ತಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ನಮ್ಮ ಅಜ್ಜ ಹೋಗೋದನ್ನ ನೋಡಿದೀನಿ. ರೋಗ ಬಿದ್ದ ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕ್ಕೊಂಡು ಹೋಗ್ತಾನ, ವಿಜ್ಞಾನಿಗೆ ತೋರಿಸಿ ಔಷಧದ ಹೆಸರು ಬರೆಸ್ಕೊಂಡು ಬರ್ತಾನ. ಯಾವುದೇ ಮಷೀನ್ ಕಂಡರೂ ಅವನದು ಒಂದೇ ಪ್ರಶ್ನೆ: "ಕೆಟ್ಟರ ನಮ್ಮೂರಾಗ ರಿಪೇರಿ ಮಾಡವ್ರು ಯಾರ?" ಇಂಜಿನಿಯರಿಂಗ್ ಓದುವ ನಾವು ಕೇಳಬೇಕಾದ ಪ್ರಶ್ನೆಯೂ ಇದೇ ಅಲ್ವಾ? ಮೇಳ ಅಂದ್ರೆ ಅವರಿಗೂ ಟೆಕ್ನಾಲಜಿ ಕಾನ್ಫರೆನ್ಸೇ. 1972ರಲ್ಲಿ ಬಂದ 'ವರಲಕ್ಷ್ಮಿ' ಹೈಬ್ರಿಡ್ ಹತ್ತಿ ತಯಾರಾಗಿದ್ದು ಧಾರವಾಡದ ಸಂಶೋಧನಾ ಕೇಂದ್ರದಲ್ಲೇ.

ನಮ್ಮ ಕಡೆ ಪ್ರಶ್ನೆಗಳಿಗೆ ಬರ ಇಲ್ಲ. ಮೊಬೈಲಿನಿಂದ ಪಂಪ್‌ಸೆಟ್ ಚಾಲೂ ಮಾಡುವ ಸ್ಟಾರ್ಟರ್ ಮಾರ್ತೀರಿ, ಸರಿ. ಹೊಲದಾಗ ಸಿಗ್ನಲ್ ಹೋದರೆ? ಕಬ್ಬು ಕಟಾವಿನ ಸರದಿ ಯಾವಾಗ ಬರ್ತದ ಅಂತ ರೈತನಿಗೆ ಮೊದಲೇ ತಿಳಿಸೋಕೆ ಸಾಫ್ಟ್‌ವೇರ್ ಆಗುತ್ತಾ? ರಾಮದುರ್ಗದ ನೇಕಾರರ ಮಗ್ಗದಲ್ಲಿ ಎಳೆ ಹರಿದರೆ ತಿಳಿಸುವ ಅಗ್ಗದ ಸೆನ್ಸರ್ ಇದೆಯಾ? ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದಲ್ಲಿ ಲಕ್ಷಗಟ್ಟಲೆ ಜನ ಸೇರಿದಾಗ ತಪ್ಪಿಸಿಕೊಂಡ ಮಗುವನ್ನು ಹುಡುಕೋದು ಹೇಗೆ? ಇದರಲ್ಲಿ ಒಂದು ಸಾಕು. ಅದನ್ನೇ ಐದು ಮಳಿಗೆಗಳಲ್ಲಿ ಕೇಳಿ, ಐದು ಉತ್ತರ ಬರೆದುಕೊಳ್ಳಿ. ಮಿನಿ ಪ್ರಾಜೆಕ್ಟ್ ಟಾಪಿಕ್ ಅಲ್ಲೇ ಸಿಗುತ್ತೆ, ಸೀನಿಯರ್ಸ್ ರಿಪೋರ್ಟ್ ಕಾಪಿ ಮಾಡೋ ಗರಜೇ ಇಲ್ಲ.

ಇನ್ನು ಸಣ್ಣ ಪುಟ್ಟ ವಿಷಯ. ಪಾಸ್‌ಗಳಲ್ಲಿ ಬೇರೆ ಬೇರೆ ತರ ಇರ್ತವೆ. ನಿಮ್ಮದು ಯಾವುದಕ್ಕೆ ನಡೀತದ ಅಂತ ಮೊದಲೇ ನೋಡ್ಕೊಳ್ಳಿ. ಯಶವಂತಪುರದಲ್ಲಿ ಇಳಿದರೆ ಹಸಿರು ಮೆಟ್ರೊ ಸೀದಾ ಮಾದಾವರಕ್ಕೆ ಹೋಗುತ್ತೆ, ಬಿಐಇಸಿ ಅಲ್ಲೇ. ದೊಡ್ಡ ಕಂಪನಿಗಳ ಮುಂದಿನ ರಶ್ ಬಿಟ್ಟು ಮೊದಲು ಸ್ಟಾರ್ಟಪ್ ಮಳಿಗೆಗಳ ಕಡೆ ಹೋಗಿ. ಅಲ್ಲಿ ಮಷೀನ್ ಮಾಡಿದವರೇ ನಿಂತಿರ್ತಾರೆ, ಪುರುಸೊತ್ತಾಗಿ ಮಾತಾಡ್ತಾರೆ. ಐದೂ ಜನ ಒಂದೇ ಗುಂಪಾಗಿ ತಿರುಗಬೇಡಿ. ಗುಂಪಿನಲ್ಲಿ ಒಬ್ಬನೇ ಮಾತಾಡ್ತಾನೆ, ಉಳಿದವರು ತಲೆ ಆಡಿಸ್ತಾರೆ.

"ಇಂಗ್ಲಿಷ್ ಬರಲ್ಲ" ಅನ್ನೋ ಅಂಜಿಕೆ ಬಹಳ ಜನರಿಗಿದೆ. ನಾನು ಇಂಗ್ಲಿಷ್ ಮೀಡಿಯಂ. ಆದರೂ ಹೇಳ್ತೀನಿ, ಇಂಗ್ಲಿಷ್ ಚೆನ್ನಾಗಿದ್ದು ಕೇಳೋಕೆ ಏನೂ ಇಲ್ಲದವನಿಗಿಂತ, ಕನ್ನಡದಲ್ಲಿ ಸರಿಯಾದ ಪ್ರಶ್ನೆ ಕೇಳುವವನ ಜೊತೆಗೇ ಆ ಇಂಜಿನಿಯರ್ ಹೆಚ್ಚು ಹೊತ್ತು ಮಾತಾಡ್ತಾನೆ. ಮಳಿಗೆಗಳಲ್ಲಿ ಕನ್ನಡ ಬಲ್ಲವರು ಇದ್ದೇ ಇರ್ತಾರೆ. ಸಣ್ಣ ಊರು, ಹಳ್ಳಿಗಳ 8ರಿಂದ 12ನೇ ತರಗತಿ ಮಕ್ಕಳಿಗಾಗಿ 2000ದಿಂದ ನಡೆಯುತ್ತಿರುವ ಗ್ರಾಮೀಣ ಐಟಿ ಕ್ವಿಜ್‌ನ ಫೈನಲ್ ಇದೇ ಸಮಿಟ್‌ನಲ್ಲಿ ಆಗಿದೆ. ಆ ಮಕ್ಕಳು ಸ್ಟೇಜ್ ಹತ್ತುವಾಗ ನಾವು ಮಳಿಗೆ ಮುಂದೆ ಬಾಯಿ ಬಿಡೋಕೆ ಯಾಕೆ ನಾಚಬೇಕು?

ಸರ್ಕಾರ 'ಬಿಯಾಂಡ್ ಬೆಂಗಳೂರು' ಅಂತಿದೆ; ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಅದರಲ್ಲಿ ಒಂದು ಕ್ಲಸ್ಟರ್. ಆ ಮಾತು ನಡೆಯುವ ಹಾಲ್‌ನಲ್ಲಿ ಈ ಕಡೆಯವರು ಕೂತು ಪ್ರಶ್ನೆ ಕೇಳದಿದ್ದರೆ, ನಮ್ಮ ಊರಿಗೆ ಏನು ಬೇಕು ಅಂತ ಬೇರೆಯವರೇ ತೀರ್ಮಾನ ಮಾಡ್ತಾರೆ. ಓದು ಮುಗಿದ ಮೇಲೆ ನಾವೆಲ್ಲ ಗಂಟುಮೂಟೆ ಕಟ್ಟಿ ಬೆಂಗಳೂರಿಗೇ ಹೋಗಬೇಕಾ, ಇಲ್ಲೇ ಕೆಲಸ ಇರುತ್ತಾ ಅನ್ನೋದೂ ಆ ತೀರ್ಮಾನದಲ್ಲೇ ಇದೆ.

ಕನ್ನಡ ಸಂಘಕ್ಕೆ ಒಂದು ಸಲಹೆ. ಹೋಗುವ ಮೊದಲು ಒಂದು ಸಂಜೆ ಸೇರಿ ಪ್ರಶ್ನೆಗಳ ಪಟ್ಟಿ ಮಾಡೋಣ. ಬಂದ ಮೇಲೆ ಪ್ರತಿಯೊಬ್ಬರೂ ಹತ್ತು ನಿಮಿಷ, ಕನ್ನಡದಲ್ಲಿ, ತಾವು ಕೇಳಿದ ಪ್ರಶ್ನೆ ಮತ್ತು ಸಿಕ್ಕ ಉತ್ತರವನ್ನು ಹೋಗಲಾಗದ ಗೆಳೆಯರಿಗೆ ಹೇಳಲಿ. ಟಿಕೆಟ್‌ಗೆ ರೊಕ್ಕ ಇಲ್ಲದವನ ಪ್ರಶ್ನೆಯನ್ನೂ ಹೋಗುವವನು ತಗೊಂಡು ಹೋಗಲಿ. ಪಟ್ಟಿಗೆ ಮೊದಲ ಪ್ರಶ್ನೆ ನಮ್ಮ ಅಜ್ಜಂದು ಬರ್ಕೊಳ್ರಿ. ಎರಡನೇದು ನಿಮ್ಮದು.