‘ಕೈಗೆ ಎಷ್ಟು?’ ಅಂತಷ್ಟೇ ಕೇಳಿದರೆ ಸಾಲದು

ನರ್ಸಿಂಗ್ ಅಸಿಸ್ಟೆಂಟ್ ತರಬೇತಿ ಮುಗಿಸಿದ ಹುಡುಗಿಗೆ ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿತು ಅಂದ ಕೂಡಲೇ ಊರಲ್ಲಿ ಎಲ್ಲರೂ ಕೇಳುವುದು ಒಂದೇ: ‘ಕೈಗೆ ಎಷ್ಟ ಬರ್ತೈತಿ?’ ಈ ಪ್ರಶ್ನೆ ಮಾಲೀಕರಿಗೂ ಗೊತ್ತು, ಉತ್ತರವೂ ತಯಾರಿರುತ್ತದೆ: ‘ನಮ್ಮಲ್ಲಿ ಕಟಿಂಗ್ ಇಲ್ಲಮ್ಮಾ, ಪೂರ್ತಿ ಕೈಗೇ ಕೊಡ್ತೀವಿ.’ ಅಪ್ಪ-ಅವ್ವನಿಗೆ ಖುಷಿಯೋ ಖುಷಿ. ಆದರೆ ಈ ‘ಕಟಿಂಗ್ ಇಲ್ಲ’ ಅನ್ನುವ ಮಾತಲ್ಲೇ ಮೋಸ ಇದೆ ಅನ್ನುವುದು ನಮ್ಮ ವಾದ.

ಲೆಕ್ಕ ಹಾಕೋಣ. ಸಂಬಳ 12,000 ರೂಪಾಯಿ ಅಂತ ಇಟ್ಟುಕೊಳ್ಳಿ. ಇಎಸ್‌ಐಗೆ ಹುಡುಗಿಯ ಪಾಲು ಶೇ 0.75, ಅಂದರೆ 90 ರೂಪಾಯಿ. ಮಾಲೀಕರದ್ದು ಶೇ 3.25, ಅಂದರೆ 390. ಪಿಎಫ್‌ಗೆ ಇಬ್ಬರದೂ ಶೇ 12, ತಲಾ 1,440. ಹುಡುಗಿಗೆ ಕಟಿಂಗ್ 1,530 ಆಯಿತು, ಕೈಗೆ 10,470. ಕಡಿಮೆ ಅನಿಸುತ್ತದೆ, ನಿಜ. ಆದರೆ ಮಾಲೀಕರು ತಮ್ಮ ಜೇಬಿನಿಂದ 1,830 ರೂಪಾಯಿ ಹಾಕಬೇಕಾಗುತ್ತದೆ. ‘ಕಟಿಂಗ್ ಇಲ್ಲ’ ಅಂದಾಗ ಉಳಿಯುವುದು ಆ 1,830. ಆ ಪಾಲನ್ನು ನೌಕರರ ಸಂಬಳದಲ್ಲಿ ಮುರಿದುಕೊಳ್ಳುವುದಕ್ಕೂ ಕಾನೂನು ಬಿಡುವುದಿಲ್ಲ.

ಈ 90 ರೂಪಾಯಿಗೆ ಏನು ಸಿಗುತ್ತದೆ? ಈ ಕೆಲಸ ಎಂಥದ್ದು ಅಂತ ಮೊದಲು ನೆನೆಯಿರಿ. ಎದ್ದೇಳಲಾಗದ ಪೇಷಂಟನ್ನು ಎತ್ತಿ ಮಗ್ಗುಲಾಗಿಸಬೇಕು, ಬೆಡ್‌ಪ್ಯಾನ್ ತೆಗೆಯಬೇಕು, ಬಳಸಿದ ಸೂಜಿ ಇರುವ ಕಡೆ ಕೈ ಹಾಕಬೇಕು. ಸೊಂಟ ಹಿಡಿಯಬಹುದು, ಸೂಜಿ ಚುಚ್ಚಬಹುದು. ಕೆಲಸದಲ್ಲಿ ಗಾಯವಾಗಿ ಮನೆಯಲ್ಲಿ ಕೂರಬೇಕಾದರೆ ಇಎಸ್‌ಐನಿಂದ ಸಂಬಳದ ಶೇ 90ರಷ್ಟು ಬರುತ್ತದೆ. ಇದು ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಅನ್ವಯ. ಅವಳನ್ನೇ ನಂಬಿರುವ ಅಪ್ಪ-ಅವ್ವನಿಗೂ ಚಿಕಿತ್ಸೆ ಸಿಗುತ್ತದೆ. ಪಿಎಫ್ ಇದ್ದರೆ, ನೌಕರಿಯಲ್ಲಿದ್ದಾಗ ಸಾವು ಬಂದರೆ ಮನೆಯವರಿಗೆ 7 ಲಕ್ಷದವರೆಗೆ ವಿಮೆ ಉಂಟು. ಇಎಸ್‌ಐ ಡಿಸ್ಪೆನ್ಸರಿ ಎಲ್ಲ ತಾಲೂಕಿನಲ್ಲಿ ಇಲ್ಲ, ಬಸ್ಸು ಹತ್ತಿ ಹೋಗಬೇಕು. ಅದು ಸರ್ಕಾರದ ಜೊತೆಗಿನ ಜಗಳ. ಮಾಲೀಕರು ದುಡ್ಡು ಕಟ್ಟದಿರುವುದಕ್ಕೆ ಅದು ನೆಪ ಆಗಬಾರದು.

‘ನಮ್ಮದು ಸಣ್ಣ ಆಸ್ಪತ್ರೆ, ಇದೆಲ್ಲ ಬರಲ್ಲ’ ಅಂತಾರೆ. 10 ಜನ ಕೆಲಸಕ್ಕಿದ್ದರೆ ಇಎಸ್‌ಐ, 20 ಜನ ಇದ್ದರೆ ಪಿಎಫ್. ಎಣಿಸುವಾಗ ಆಯಾ, ವಾರ್ಡ್‌ಬಾಯ್, ರಿಸೆಪ್ಷನ್ ಹುಡುಗಿ, ಕಾಂಟ್ರಾಕ್ಟ್ ಮೇಲೆ ಕಸ ಗುಡಿಸುವವರು ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. (ಜಿಲ್ಲಾ ವರದಿಗಾರರಾದ ನಮಗೂ ಪಿಎಫ್ ಇಲ್ಲ. ಅದು ಬೇರೆ ಕತೆ, ಇನ್ನೊಮ್ಮೆ ಬರೆಯುತ್ತೇವೆ.)

ಇನ್ನು ಸಂಬಳ ಎಷ್ಟಿರಬೇಕು? ಇಲ್ಲಿ ತರಬೇತಿ ಕೇಂದ್ರಗಳದ್ದೂ ತಪ್ಪಿದೆ. ಕೆಲವು ತಿಂಗಳ ಜನರಲ್ ಡ್ಯೂಟಿ ಅಸಿಸ್ಟೆಂಟ್ ಕೋರ್ಸಿಗೆ ‘ನರ್ಸ್ ಕೆಲಸ’ ಅಂತ ಆಸೆ ಹುಟ್ಟಿಸುತ್ತಾರೆ. ನರ್ಸ್ ಆಗಲು ಜಿಎನ್ಎಂ ಮೂರು ವರ್ಷ ಓದಬೇಕು, ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೂತ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ 20,000ಕ್ಕಿಂತ ಕಡಿಮೆ ಕೊಡಬಾರದು ಅಂದಿತು. ಅದು ನರ್ಸ್‌ಗಳ ಮಾತು, ಅಸಿಸ್ಟೆಂಟ್‌ಗಳ ಬಗ್ಗೆ ಅಲ್ಲ. ಅಸಿಸ್ಟೆಂಟ್‌ಗೆ ಗಟ್ಟಿ ನೆಲ ಅಂದರೆ ರಾಜ್ಯ ಸರ್ಕಾರದ ಕನಿಷ್ಠ ವೇತನ. ಆಸ್ಪತ್ರೆ, ನರ್ಸಿಂಗ್ ಹೋಮ್ ಕೆಲಸ ಆ ಪಟ್ಟಿಯಲ್ಲಿದೆ, ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ನಿಮ್ಮ ಊರಿನ ದರ ತಾಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿ. ‘ಆರು ತಿಂಗಳು ಟ್ರೈನಿಂಗ್, ಅರ್ಧ ಸಂಬಳ’ ಅನ್ನುವವರಿಗೆ ಸರ್ಟಿಫಿಕೇಟ್ ತೋರಿಸಿ: ಟ್ರೈನಿಂಗ್ ಮುಗಿಸಿಯೇ ಬಂದಿದ್ದಾಳಲ್ಲ!

ಹಾಂ, ಸರ್ಟಿಫಿಕೇಟ್ ತೋರಿಸಿ, ಕೊಟ್ಟು ಬರಬೇಡಿ. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಟುಕೊಂಡರೆ ಹುಡುಗಿ ಕೆಲಸ ಬಿಡುವ ಹಾಗಿಲ್ಲ, ಸಂಬಳ ಹೆಚ್ಚು ಮಾಡಿ ಅನ್ನುವ ಹಾಗೂ ಇಲ್ಲ. ಜೆರಾಕ್ಸ್ ಸಾಕು.

ಬೆಂಗಳೂರಿಗೆ ಹೋಮ್ ಕೇರ್ ಕೆಲಸಕ್ಕೆ ಹೋಗುವವರ ಪಾಡು ಇನ್ನೂ ಕಷ್ಟ. ಪೇಷಂಟ್ ಮನೆಯಲ್ಲೇ ಊಟ, ಅಲ್ಲೇ ನಿದ್ದೆ, ರಾತ್ರಿ ಕರೆದರೆ ಏಳಬೇಕು. ಸಂಬಳ ದೊಡ್ಡದಾಗಿ ಕಾಣುತ್ತದೆ. ಗಂಟೆಗೆ ಭಾಗಿಸಿದರೆ ಏನೂ ಉಳಿಯುವುದಿಲ್ಲ. ಮನೆಯವರು ಏಜೆನ್ಸಿಗೆ ಎಷ್ಟು ಕೊಡುತ್ತಾರೆ, ನಿಮಗೆ ಎಷ್ಟು ಬರುತ್ತದೆ, ವಾರದ ರಜೆ ಯಾವತ್ತು ಅಂತ ಹೊರಡುವ ಮೊದಲೇ ಕೇಳಿ, ಬರೆಸಿಕೊಳ್ಳಿ.

ಒಬ್ಬಳೇ ಕೇಳಿದರೆ ‘ನಾಳೆಯಿಂದ ಬರಬೇಡ’ ಅಂತಾರೆ ಅನ್ನುವ ಭಯ ಸುಳ್ಳಲ್ಲ. ಅದಕ್ಕೇ ಒಟ್ಟಿಗೆ ತರಬೇತಿ ಪಡೆದವರು ಬ್ಯಾಚಿನ ವಾಟ್ಸಾಪ್ ಗುಂಪನ್ನು ಬರೀ ಗುಡ್ ಮಾರ್ನಿಂಗ್ ಕಳಿಸಲು ಬಳಸಬೇಡಿ. ಯಾವ ಆಸ್ಪತ್ರೆ ಎಷ್ಟು ಕೊಡುತ್ತದೆ, ಸಂಬಳದ ಚೀಟಿ ಕೊಡುತ್ತದೋ ಇಲ್ಲವೋ, ಉಮಂಗ್ ಆಪ್‌ನಲ್ಲಿ ಪಿಎಫ್ ದುಡ್ಡು ಕಾಣುತ್ತದೋ ಇಲ್ಲವೋ, ಅದನ್ನು ಹಾಕಿ. ಮುಂದಿನ ಬ್ಯಾಚಿನ ಹುಡುಗಿಯರಿಗೂ ಕಳಿಸಿ.