ಹೊಸ ಮೊಬೈಲು ಬಂದ ಮನೆಯಲ್ಲಿ



ಮನೆಗೆ ಹೊಸ ಮೊಬೈಲು ಬಂದ ದಿನ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಹಿರಿಯ ಮಗ ದಮಾಮಿನಿಂದ ರಜೆಯಲ್ಲಿ ಬಂದಾಗ ನನಗೊಂದು ಮೊಬೈಲು ತಂದುಕೊಟ್ಟ. ಪೆಟ್ಟಿಗೆ ಬಿಚ್ಚುವಾಗ ಮನೆಮಂದಿಯೆಲ್ಲ ಮೇಜಿನ ಸುತ್ತ ಸೇರಿದ್ದರು. ಅದರ ಹೊಳಪು ನೋಡಿ ಮುಟ್ಟಲಿಕ್ಕೇ ಹೆದರಿಕೆಯಾಯಿತು. "ಮೊದಲು ಗ್ಲಾಸ್ ಹಾಕಿಸಿ, ಕವರ್ ಹಾಕಿಸಿ, ಆಮೇಲೆ ಮುಟ್ಟಿ" ಎಂದಳು ಮಗಳು. ಅಂದು ಸಂಜೆಯೇ ಪೇಟೆಗೆ ಹೋಗಿ ಎರಡನ್ನೂ ಹಾಕಿಸಿಕೊಂಡು ಬಂದೆವು. ನನ್ನ ಹಳೆಯ ಮೊಬೈಲನ್ನು ಕಪಾಟಿನಲ್ಲಿ ಬಟ್ಟೆಗಳ ಹಿಂದೆ ಇಟ್ಟುಬಿಟ್ಟೆ. ಆ ಹಳೆಯ ಮೊಬೈಲಿನ ವಿಷಯವನ್ನು ಕೊನೆಗೆ ಹೇಳುತ್ತೇನೆ. ಅದನ್ನು ಹೇಳಲೆಂದೇ ಈ ತಿಂಗಳ ಲೇಖನ ಬರೆಯಲು ಕುಳಿತದ್ದು. ಮೊದಲು ಹೊಸತರ ಮಾತು.

ಗಾಜಿನ ಮೇಲೊಂದು ಗಾಜು

ಅಂಗಡಿಯವನು ನನ್ನ ಮುಂದೆ ಐದಾರು ಬಗೆಯ ಗ್ಲಾಸುಗಳನ್ನು ಹರಡಿದ. ಒಂದರ ಮೇಲೆ 9ಎಚ್ ಎಂದಿತ್ತು, ಇನ್ನೊಂದರ ಮೇಲೆ 11ಡಿ ಎಂದಿತ್ತು. ದರ ಮಾತ್ರ ಒಂದಕ್ಕಿಂತ ಒಂದು ಹೆಚ್ಚು. ನಾನು ತಲೆಯಾಡಿಸಿ ದುಬಾರಿಯದನ್ನೇ ತೆಗೆದುಕೊಂಡೆ. ಆ ಮೇಲೆ ಓದಿ ತಿಳಿದುಕೊಂಡದ್ದನ್ನು ನಿಮಗೆ ಹೇಳುತ್ತೇನೆ, ನಿಮ್ಮ ಹಣವಾದರೂ ಉಳಿಯಲಿ.

9ಎಚ್ ಎಂಬುದು ಪೆನ್ಸಿಲಿನ ಲೆಕ್ಕ. ಮಕ್ಕಳ ಪೆನ್ಸಿಲಿನ ಮೇಲೆ ಎಚ್‌ಬಿ ಎಂದಿರುತ್ತದಲ್ಲ, ಆ ಸಾಲಿನಲ್ಲಿ 9ಎಚ್ ತುಂಬಾ ಗಟ್ಟಿಯಾದದ್ದು. ಅಂಥ ಪೆನ್ಸಿಲಿನಿಂದ ಗೀರಿದರೂ ಗೆರೆ ಬೀಳದು ಎಂಬುದಷ್ಟೇ ಇದರ ಅರ್ಥ. ವಜ್ರದಷ್ಟು ಗಟ್ಟಿ ಎಂದೇನೂ ಅಲ್ಲ. 11ಡಿ, 21ಡಿ ಎನ್ನುವುದಂತೂ ಮಾರುವವರು ಇಟ್ಟ ಹೆಸರು, ಅದಕ್ಕೆ ಯಾವ ಅಳತೆಯೂ ಇಲ್ಲ.

ಹಾಗಾದರೆ ಗ್ಲಾಸ್ ಹಾಕಿಸುವುದು ವ್ಯರ್ಥವೇ? ಅಲ್ಲ. ಮೊಬೈಲಿನ ಸ್ವಂತ ಗಾಜೂ ಈಗ ಗಟ್ಟಿಯಾದದ್ದೇ. ಗಾಜನ್ನು ಬಿಸಿಯಾದ ಪೊಟ್ಯಾಸಿಯಂ ಲವಣದಲ್ಲಿ ಮುಳುಗಿಸಿದಾಗ ಅದರ ಮೇಲ್ಪದರದ ಸಣ್ಣ ಸೋಡಿಯಂ ಕಣಗಳು ಹೊರಬಂದು ದೊಡ್ಡ ಪೊಟ್ಯಾಸಿಯಂ ಕಣಗಳು ಒಳಸೇರುತ್ತವೆ. ತುಂಬಿದ ಬಸ್ಸಿನ ಸೀಟಿನಲ್ಲಿ ಸಣ್ಣ ಮಗು ಎದ್ದು ದೊಡ್ಡವರು ಕುಳಿತ ಹಾಗೆ. ಆ ಒತ್ತಡವೇ ಗಾಜಿಗೆ ಬಲ. ಕಾರ್ನಿಂಗ್ ಕಂಪೆನಿಯ ಗೊರಿಲ್ಲಾ ಗ್ಲಾಸ್ ಹೀಗೆಯೇ ತಯಾರಾಗುತ್ತದೆ. 2007ರ ಮೊದಲ ಐಫೋನಿನಲ್ಲಿ ಬಂದದ್ದು ಅದೇ ಗಾಜು. ಇಷ್ಟಾದರೂ ಮರಳಿನ ಮುಂದೆ ಅದು ಸೋಲುತ್ತದೆ. ಗಾಜಿಗಿಂತ ಮರಳಿನ ಕಣ ಗಟ್ಟಿ. ಬ್ಯಾಗಿನಲ್ಲಿ ಬೀಗದ ಕೈ ಜೊತೆ ಮೊಬೈಲು ಇಟ್ಟದ್ದಕ್ಕೆ ನಾವು ಹೆದರುತ್ತೇವೆ. ಆದರೆ ಪಣಂಬೂರಿನ ಕಡಲ ಬದಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದ ಬ್ಯಾಗಿನ ತಳದಲ್ಲಿ ಉಳಿದ ಹಿಡಿ ಹೊಯ್ಗೆಯೇ ಗೆರೆ ಎಳೆಯುವುದು. ಆ ಗೆರೆ ಮೇಲಿನ ಗ್ಲಾಸಿಗೆ ಬಿದ್ದರೆ ನೂರಿನ್ನೂರು ರೂಪಾಯಿಯಲ್ಲಿ ಮುಗಿಯಿತು. ಮೊಬೈಲಿನದ್ದಕ್ಕೇ ಬಿದ್ದರೆ ಸಾವಿರಗಳ ಮಾತು. ಆದ್ದರಿಂದ ಗ್ಲಾಸ್ ಹಾಕಿಸಿ, ಸಾಧಾರಣ ದರದ್ದೇ ಸಾಕು. ಬಿದ್ದಾಗ ಉಳಿಸುವುದು ಗ್ಲಾಸಿಗಿಂತ ಹೆಚ್ಚಾಗಿ ಕವರು. ಅದರ ನಾಲ್ಕು ಅಂಚು ಗಾಜಿಗಿಂತ ಸ್ವಲ್ಪ ಎತ್ತರವಿರಲಿ. ಬೋರಲು ಬಿದ್ದರೂ ಗಾಜು ನೆಲಕ್ಕೆ ತಾಗದು.

ಇನ್ನೆರಡು ಮಾತು. ಅಂಚು ಬಾಗಿದ ಮೊಬೈಲಿಗೆ ದ್ರವ ಅಂಟು ಹಾಕಿ ಬೆಳಕಿನಲ್ಲಿ ಒಣಗಿಸಿ ಗ್ಲಾಸ್ ಕೂರಿಸುತ್ತಾರೆ. ಕೈ ಪಳಗದವರು ಹಾಕಿದರೆ ಆ ಅಂಟು ಸ್ಪೀಕರಿನೊಳಗೆ, ಬಟನಿನೊಳಗೆ ಇಳಿಯುತ್ತದೆ. ತಿಳಿದವರ ಕೈಯಲ್ಲೇ ಹಾಕಿಸಿ. ಗಾಜಿನೊಳಗೇ ಬೆರಳಚ್ಚು ತೆಗೆಯುವ ಮೊಬೈಲಾದರೆ ಗ್ಲಾಸ್ ಹಾಕಿಸಿದ ಮೇಲೆ ಬೆರಳಚ್ಚನ್ನು ಅಳಿಸಿ ಮತ್ತೊಮ್ಮೆ ಕೊಡಿ. ಮೀನು ತೊಳೆದು, ಪಾತ್ರೆ ಉಜ್ಜಿ ಸವೆದ ನಮ್ಮ ಬೆರಳನ್ನು ಅದು ಹೇಗೂ ಸುಲಭದಲ್ಲಿ ಗುರುತಿಸುವುದಿಲ್ಲ. ಎರಡು ಬೆರಳು ಕೊಟ್ಟಿಡುವುದು ಒಳ್ಳೆಯದು.

"ನೀರಿಗೆ ಬಿದ್ದರೂ ಏನಾಗುವುದಿಲ್ಲ" ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಐಪಿ68 ಎಂಬ ಪರೀಕ್ಷೆ ಸಿಹಿನೀರಿನದು. ಕಡಲಿನ ಉಪ್ಪುನೀರಿಗೂ ಸೋಪಿನ ನೀರಿಗೂ ಅದು ಅನ್ವಯಿಸದು. ನೀರು ಒಳಹೋದರೆ ಹೆಚ್ಚಿನ ಕಂಪೆನಿಗಳು ವಾರಂಟಿ ಕೊಡುವುದೂ ಇಲ್ಲ. ಅಕ್ಕಿ ಡಬ್ಬದಲ್ಲಿ ಹೂತಿಡುವ ಮದ್ದೂ ಬೇಡ, ಅಕ್ಕಿಯ ಹುಡಿ ಒಳಗೆ ಸೇರುತ್ತದೆ. ಆಫ್ ಮಾಡಿ, ಒರೆಸಿ, ಗಾಳಿಯಾಡುವಲ್ಲಿ ಇಡಿ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಮೊಬೈಲು ಕೊಳ್ಳುವಾಗ ಮಕ್ಕಳು ಮೊದಲು ಕೇಳುವುದು ಕ್ಯಾಮರಾ ಎಷ್ಟು ಮೆಗಾಪಿಕ್ಸೆಲ್ ಎಂದು. 2000ದಲ್ಲಿ ಜಪಾನಿನಲ್ಲಿ ಶಾರ್ಪ್ ಕಂಪೆನಿಯ ಕ್ಯಾಮರಾ ಮೊಬೈಲು ಬಂದಾಗ ಅದರಲ್ಲಿದ್ದದ್ದು 1,10,000 ಚುಕ್ಕಿ, ಅಂದರೆ ಒಂದು ಮೆಗಾಪಿಕ್ಸೆಲಿನ ಹತ್ತನೇ ಒಂದಕ್ಕಿಂತ ಚೂರು ಹೆಚ್ಚು. ಇಂದು 50, 108, 200 ಎನ್ನುತ್ತಾರೆ. ಆದರೆ ನನ್ನ 50 ಮೆಗಾಪಿಕ್ಸೆಲ್ ಮೊಬೈಲಿನಲ್ಲಿ ತೆಗೆದ ಫೋಟೋದ ವಿವರ ತೆರೆದು ನೋಡಿದರೆ ಅಲ್ಲಿ ಇರುವುದು ಹನ್ನೆರಡೂವರೆ! ಮೋಸ ಹೋದೆನೆಂದು ಭಾವಿಸಿದ್ದೆ. ಮೋಸವಲ್ಲ, ಅದರ ಕ್ರಮವೇ ಹಾಗೆ. ನಾಲ್ಕು ಸಣ್ಣ ಚುಕ್ಕಿಗಳನ್ನು ಸೇರಿಸಿ ಒಂದು ದೊಡ್ಡ ಚುಕ್ಕಿ ಮಾಡುತ್ತದೆ, ಆಗ ಬೆಳಕು ಹೆಚ್ಚು ಸಿಗುತ್ತದೆ. 200 ಮೆಗಾಪಿಕ್ಸೆಲಿನದು ಹದಿನಾರನ್ನು ಸೇರಿಸಿ ಕೊನೆಗೆ ಅದೇ ಹನ್ನೆರಡೂವರೆ ಕೊಡುತ್ತದೆ. ಫೋಟೋದ ಅಂದ ಸಂಖ್ಯೆಯಲ್ಲಿಲ್ಲ, ಬೆಳಕು ಹಿಡಿಯುವ ಫಲಕದ ಗಾತ್ರದಲ್ಲಿದೆ, ಕೈ ನಡುಕವನ್ನು ಸರಿಪಡಿಸುವ ವ್ಯವಸ್ಥೆಯಲ್ಲಿದೆ. ಹಿಂಬದಿ ಮೂರು ನಾಲ್ಕು ಕಣ್ಣುಗಳಿದ್ದರೂ ಮರುಳಾಗಬೇಡಿ. ಕಡಿಮೆ ಬೆಲೆಯವುಗಳಲ್ಲಿ 2 ಮೆಗಾಪಿಕ್ಸೆಲಿನ ಒಂದೆರಡು ಕಣ್ಣು ಲೆಕ್ಕಕ್ಕಷ್ಟೇ ಇರುತ್ತದೆ.

ನಮ್ಮ ಫೋಟೋ ಮಸುಕಾಗಲು ನಾನು ಕಂಡುಕೊಂಡ ದೊಡ್ಡ ಕಾರಣ ಬೇರೆಯೇ. ಅಡಿಗೆ ಮನೆಯ ಎಣ್ಣೆ ಕೈ! ಅದೇ ಕೈಯಲ್ಲಿ ಹಿಡಿದ ಮೊಬೈಲಿನ ಕ್ಯಾಮರಾ ಗಾಜಿನ ಮೇಲೆ ಜಿಡ್ಡು ಕುಳಿತಿರುತ್ತದೆ. ಮೆತ್ತನೆಯ ಹತ್ತಿ ಬಟ್ಟೆಯಿಂದ ಒಮ್ಮೆ ಒರೆಸಿ ತೆಗೆದು ನೋಡಿ, ಹೊಸ ಕ್ಯಾಮರಾ ಕೊಂಡ ಹಾಗಾಗುತ್ತದೆ. ಕಿಟಕಿಯ ಬೆಳಕು ಮುಖದ ಮೇಲೆ ಬೀಳಲಿ, ಬೆನ್ನಿಗಲ್ಲ. ರಾತ್ರಿ ತೆಗೆಯುವಾಗ ಮೊಬೈಲು ಒಂದರ ಹಿಂದೆ ಒಂದು ಹಲವು ಚಿತ್ರ ತೆಗೆದು ಒಟ್ಟು ಮಾಡುತ್ತದೆ, ಎರಡು ಮೂರು ಕ್ಷಣ ಕೈ ಅಲ್ಲಾಡಿಸಬೇಡಿ.

ಇಷ್ಟೆಲ್ಲ ಮಾಡಿ ತೆಗೆದ ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸಿದಾಗ ಅದು ಸಣ್ಣದಾಗಿಬಿಡುತ್ತದೆ. 2023ರಲ್ಲಿ ಅದರಲ್ಲಿ ಎಚ್‌ಡಿ ಎಂಬ ಆಯ್ಕೆ ಬಂದಿದೆ, ಕಳಿಸುವ ಮೊದಲು ಅದನ್ನು ಒತ್ತಿ. ಪೂರ್ತಿ ಇದ್ದ ಹಾಗೆಯೇ ಹೋಗಬೇಕೆಂದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಆದರೆ ಕ್ಯಾಮರಾದಲ್ಲಿ ಲೊಕೇಶನ್ ಆನ್ ಇದ್ದರೆ ಎಲ್ಲಿ ತೆಗೆದದ್ದೆಂಬ ಗುರುತೂ ಅದರ ಜೊತೆ ಹೋಗುತ್ತದೆ. ಮನೆಯವರಿಗಷ್ಟೇ ಹಾಗೆ ಕಳಿಸಿ.

ಯಾರ ಫೋಟೋ, ಯಾರ ಕೈಯಲ್ಲಿ?

ಒಳ್ಳೆಯ ಕ್ಯಾಮರಾ ಬಂದ ಮೇಲೆ ಮದುವೆ ಮನೆಯಲ್ಲಿ ಹೆಂಗಸರ ಕಡೆ ಫೋಟೋ ತೆಗೆಯದವರಿಲ್ಲ. ಮೊಬೈಲು ಬಂದ ವಾರದಲ್ಲೇ ಒಂದು ಮದಿಪುಗೆ ಹೋಗಿದ್ದೆ, ನಾನೂ ತೆಗೆದೆ. ಮರುದಿನ ದಮಾಮಿಗೆ ಮರಳಿದ ಮಗ ಫೋನ್ ಮಾಡಿ, "ಉಮ್ಮಾ, ನೀವು ತೆಗೆದ ಮದುವೆಯ ಫೋಟೋ ಎಲ್ಲ ನನ್ನ ಮೊಬೈಲಿಗೆ ಬಂದಿದೆ" ಎಂದ. ನಾನು ಕಳಿಸಿಯೇ ಇರಲಿಲ್ಲ! ಆದದ್ದಿಷ್ಟೇ: ಅವಸರದಲ್ಲಿ ಅವನು ತನ್ನ ಗೂಗಲ್ ಖಾತೆಯನ್ನೇ ನನ್ನ ಮೊಬೈಲಿಗೆ ಹಾಕಿದ್ದ. ಫೋಟೋಗಳು ತಾವಾಗಿಯೇ ಆ ಖಾತೆಗೆ ಏರಿ, ಆ ಖಾತೆಯಿರುವ ಎಲ್ಲ ಮೊಬೈಲಿನಲ್ಲೂ ಕಾಣುತ್ತಿದ್ದವು. ಮಗ ಕೂಡಲೇ ಅವನ್ನೆಲ್ಲ ಅಳಿಸಿದ. ಆದರೆ ನೆರೆಮನೆಯ ಹೆಣ್ಣುಮಕ್ಕಳು ನನ್ನನ್ನು ನಂಬಿ ಕ್ಯಾಮರಾದ ಮುಂದೆ ನಿಂತದ್ದು. ಇನ್ನೊಬ್ಬಳ ಫೋಟೋ ನಮ್ಮ ಕೈಯಲ್ಲಿರುವುದೆಂದರೆ ಅದೊಂದು ಅಮಾನತ್ ಅಲ್ಲವೇ? ಗಂಡನದೋ ಮಗನದೋ ಖಾತೆಯಲ್ಲಿ ನಡೆಯುವ ಮೊಬೈಲು ನಮ್ಮ ಎಷ್ಟೋ ಮನೆಗಳಲ್ಲಿದೆ. ನಿಮ್ಮ ಮೊಬೈಲಿನಲ್ಲಿ ಯಾರ ಖಾತೆಯಿದೆ ಎಂದು ಇಂದೇ ನೋಡಿಕೊಳ್ಳಿ. ನಿಮ್ಮದೇ ಹೆಸರಿನ ಖಾತೆ ಮಾಡಿಕೊಳ್ಳಲು ಹತ್ತು ನಿಮಿಷ ಸಾಕು.

ಕಪಾಟಿನಲ್ಲಿದ್ದ ಹಳೆಯ ಮೊಬೈಲು

ಈಗ ಆ ಮಾತು. ಹೊಸ ಮೊಬೈಲಿಗೆ ಸಿಮ್ ಹಾಕುವಾಗ ಮಗ ಕೇಳಿದ್ದ, "ಹಳೆಯ ಚಾಟ್ ಎಲ್ಲ ಇದಕ್ಕೆ ಹಾಕಬೇಕಾ ಉಮ್ಮಾ?" ನಾನು, "ಆ ಗುಡ್ ಮಾರ್ನಿಂಗ್ ಚಿತ್ರಗಳ ರಾಶಿ ಯಾಕೆ, ಬೇಡ" ಎಂದಿದ್ದೆ.

ನನ್ನ ಉಮ್ಮ ತೀರಿಕೊಂಡು ಆಗ ಒಂದೂವರೆ ವರ್ಷವಾಗಿತ್ತು. ಅವರಿಗೆ ಬರೆಯಲು ಬಾರದು. ತಂಗಿಯ ಮಗಳು ಕಲಿಸಿಕೊಟ್ಟ ಮೇಲೆ ದಿನಾ ವಾಟ್ಸಾಪಿನಲ್ಲಿ ಮಾತು ಕಳಿಸುತ್ತಿದ್ದರು. ಬಂಗುಡೆಗೆ ಇಂದು ಎಷ್ಟಾಯಿತು, ಬಾವಿಗೆ ನೀರು ಬಂತೇ, ಮಂಡಿನೋವಿಗೆ ಎಣ್ಣೆ ಹಚ್ಚಿದೆಯಾ, ಇಂಥವೇ. ಶಾಲೆಯ ಗಡಿಬಿಡಿಯಲ್ಲಿ ಎಷ್ಟನ್ನೋ ನಾನು ಅರ್ಧ ಕೇಳಿ ಬಿಟ್ಟಿದ್ದೆ. ಕೆಲವು ತಿಂಗಳ ನಂತರ ಒಂದು ರಾತ್ರಿ ಅವರ ದನಿ ಕೇಳಬೇಕೆನಿಸಿ ಹೊಸ ಮೊಬೈಲು ತೆರೆದರೆ ಅಲ್ಲಿ ಉಮ್ಮನ ಹೆಸರೇ ಇಲ್ಲ. ಕಪಾಟು ಹುಡುಕಿ ಹಳೆಯ ಮೊಬೈಲು ತೆಗೆದೆ. ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಎದ್ದು ನಿಂತಿತ್ತು. ಚಾರ್ಜಿಗೆ ಹಾಕಲು ಹೊರಟವಳನ್ನು ಮಗಳು ತಡೆದಳು. ಅವಳು ಹೇಳಿದ್ದು ಸರಿ, ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜ್ ಮಾಡಬಾರದು, ಬೆಂಕಿ ಹೊತ್ತಿಕೊಳ್ಳಬಹುದು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಬೆಳಿಗ್ಗೆ ರಿಪೇರಿ ಅಂಗಡಿಯ ಹುಡುಗ ಬ್ಯಾಟರಿ ಬದಲಿಸಿದ. ಮೊಬೈಲು ಹೊತ್ತಿಕೊಂಡಿತು, ಆದರೆ ವಾಟ್ಸಾಪ್ ಬೇರೆ ಮೊಬೈಲಿಗೆ ಹೋದುದರಿಂದ ಇಲ್ಲಿ ತೆರೆಯಲಿಲ್ಲ. ಆ ಹುಡುಗ ಬಹಳ ತಾಳ್ಮೆಯವನು. ಫೈಲುಗಳೊಳಗೆ ಹುಡುಕಿ ವಾಯ್ಸ್ ನೋಟ್ಸ್ ಎಂಬ ಫೋಲ್ಡರ್ ತೋರಿಸಿದ. ಅಲ್ಲಿ ನೂರಾರು ದನಿಗಳು, ಯಾವುದಕ್ಕೂ ಹೆಸರಿಲ್ಲ. ಶಾಲೆಯ ಗ್ರೂಪಿನದು, ತರಕಾರಿಯವನದು, ಸಂಬಂಧಿಕರದು. ಮೂರು ರಾತ್ರಿ ಒಂದೊಂದನ್ನೇ ತೆರೆದು ಕೇಳಿದೆ. ಉಮ್ಮನ 41 ಮಾತು ಸಿಕ್ಕಿತು. ಹಿಂದೊಮ್ಮೆ ಜಾಗ ತುಂಬಿತೆಂದು ನಾನೇ ಅಳಿಸಿದ್ದರಲ್ಲಿ ಎಷ್ಟು ಹೋಯಿತೋ! "ಬೋರ್ಡ್ ಹೋಗಿದ್ದರೆ ಇದೂ ಸಿಗುತ್ತಿರಲಿಲ್ಲ" ಎಂದ ಹುಡುಗ. ಇಂದಿನ ಮೊಬೈಲುಗಳಲ್ಲಿ ಎಲ್ಲವೂ ಗೂಢಲಿಪಿಯಲ್ಲಿ ಇರುವುದರಿಂದ ಚಿಪ್ ಕಿತ್ತು ತೆಗೆದರೂ ಓದಲಾಗದಂತೆ.

ಸಹೋದರಿಯರೇ, ನೂರು ರೂಪಾಯಿಯಲ್ಲಿ ಮತ್ತೆ ಸಿಗುವ ಗಾಜಿಗಾಗಿ ಅಂದು ನಾನು ಸಂಜೆ ಪೇಟೆಗೆ ಓಡಿದ್ದೆ. ಎಷ್ಟು ಕೊಟ್ಟರೂ ಮತ್ತೆ ಸಿಗದ್ದನ್ನು ಬಟ್ಟೆಗಳ ಹಿಂದೆ ಎಸೆದಿದ್ದೆ.

ನೀವು ಮಾಡಬೇಕಾದದ್ದು

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಬೇಡ. ಹೊಸ ಮೊಬೈಲು ಬಂದ ದಿನ, ಕವರಿಗೂ ಮೊದಲು, ಈ ಕೆಲಸಗಳನ್ನು ಮಾಡಿ.

ವಾಟ್ಸಾಪಿನ ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್ ಎಂಬಲ್ಲಿ ಚಾಟ್ ವರ್ಗಾಯಿಸುವ ಆಯ್ಕೆಯಿದೆ. ಎರಡು ಆಂಡ್ರಾಯ್ಡ್ ಮೊಬೈಲುಗಳನ್ನು ಅಕ್ಕಪಕ್ಕ ಇಟ್ಟು ಕೋಡ್ ಸ್ಕ್ಯಾನ್ ಮಾಡಿದರೆ ಮಾತು, ಚಿತ್ರ ಎಲ್ಲವೂ ಹೊಸತಕ್ಕೆ ಬರುತ್ತದೆ. ಬ್ಯಾಕಪ್ ಕೂಡ ಆನ್ ಮಾಡಿ. ಗೂಗಲ್ ಖಾತೆಯಲ್ಲಿ ಉಚಿತವಾಗಿ ಸಿಗುವುದು 15 ಜಿಬಿ ಮಾತ್ರ. ಫೋಟೋ, ಇಮೇಲ್, ವಾಟ್ಸಾಪ್ ಎಲ್ಲ ಅದರಲ್ಲೇ ಆಗಬೇಕು. ಫೋಟೋಗಳಿಗೆ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತುಹೋಯಿತು. ಆದ್ದರಿಂದ ಬಹಳ ಬೇಕಾದವನ್ನು ಪೆನ್‌ಡ್ರೈವಿಗೂ ಹಾಕಿಡಿ. ಬೇಡದ ಗುಡ್ ಮಾರ್ನಿಂಗ್ ಚಿತ್ರಗಳನ್ನು ಅಳಿಸುವಾಗ ದನಿಗಳು ಜೊತೆಗೆ ಹೋಗದಂತೆ ನೋಡಿಕೊಳ್ಳಿ.

ಹಳೆಯದನ್ನು ಮಾರುವ, ಯಾರಿಗಾದರೂ ಕೊಡುವ ಮೊದಲು ಬೇಕಾದದ್ದನ್ನೆಲ್ಲ ತೆಗೆದಿಟ್ಟು, ಖಾತೆಯಿಂದ ಹೊರಬಂದು, ಫ್ಯಾಕ್ಟರಿ ರೀಸೆಟ್ ಮಾಡಿ. ಫೋಟೋಗಳನ್ನು ಒಂದೊಂದಾಗಿ ಅಳಿಸಿದರೆ ಸಾಲದು. ಮನೆಯಲ್ಲೇ ಇಡುವುದಾದರೆ ಪೂರ್ತಿ ಖಾಲಿಯಾಗಲು ಬಿಡದೆ ಅರ್ಧ ಚಾರ್ಜ್ ಮಾಡಿ, ಆಫ್ ಮಾಡಿ, ಬಿಸಿಲು ತಾಗದಲ್ಲಿ ಇಡಿ. ಕೆಲವು ತಿಂಗಳಿಗೊಮ್ಮೆ ತೆಗೆದು ನೋಡಿ.

*#06# ಒತ್ತಿದರೆ ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಅದನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಮೊಬೈಲು ಕಳೆದುಹೋದರೆ ಪೊಲೀಸ್ ದೂರು ಕೊಟ್ಟು, ಕೇಂದ್ರ ಸರಕಾರ 2023ರ ಮೇ ತಿಂಗಳಲ್ಲಿ ಆರಂಭಿಸಿದ ಸಂಚಾರ್ ಸಾಥಿಯ ಮೂಲಕ ಅದನ್ನು ಬಂದ್ ಮಾಡಿಸಬಹುದು. ಮೊಬೈಲಿನ ಮೂಲಕ ಹಣ ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಆ 41 ಮಾತುಗಳು ಈಗ ನನ್ನ ಬಳಿ, ತಂಗಿಯ ಬಳಿ, ಮಗನ ಬಳಿ, ಮೂರು ಕಡೆ ಇವೆ. ಅವುಗಳಲ್ಲಿ ಒಂದರಲ್ಲಿ ಉಮ್ಮ ಹೇಳುತ್ತಾರೆ, "ನೀನು ಕೆಲಸದಲ್ಲಿರುತ್ತಿ ಎಂದು ಗೊತ್ತು ಮಗಳೇ, ಪುರುಸೊತ್ತಾದಾಗ ಕೇಳು." ನನಗೆ ಪುರುಸೊತ್ತಾದದ್ದು ಅವರು ಹೋದ ಮೇಲೆ.

ನಿಮ್ಮ ಉಮ್ಮ ಇದ್ದರೆ ಈ ಪತ್ರಿಕೆಯನ್ನು ಬದಿಗಿಟ್ಟು ಈಗಲೇ ಅವರಿಗೊಂದು ಫೋನ್ ಮಾಡಿ. ಕ್ಯಾಮರಾ, ಗ್ಲಾಸು ಆಮೇಲೆ ನೋಡಿಕೊಳ್ಳೋಣ.