ದೋಣಿ ಬರಲಿ, ಕಳೆ ಬಾರದಿರಲಿ

ಸೂಳೆಕೆರೆಗೆ ದೂರದ ಜಲಾಶಯದಿಂದ ದೊಡ್ಡ ವಿಹಾರದೋಣಿಯನ್ನು ಟ್ರೇಲರ್ ಮೇಲೆ ತರುವುದಾದರೆ ಕೊಂಡಿ, ಸರಪಳಿ, ಗಾಲಿ, ಹಿಂಬದಿಯ ದೀಪಗಳನ್ನು ಪರೀಕ್ಷಿಸುವುದು ಅವಶ್ಯ. ಆದರೆ ಅಷ್ಟರಿಂದಲೇ ಸಾಗಣೆ ಸುರಕ್ಷಿತವೆನಿಸದು. ದೋಣಿಯ ತಳದಲ್ಲಿ ನಿಂತ ನೀರು, ಟ್ರೇಲರಿಗೆ ಅಂಟಿದ ಬೇರಿನ ತುಂಡು ಪರಕೀಯ ಕಳೆಯನ್ನೂ ಜೀವಿಗಳನ್ನೂ ಹೊತ್ತು ತರಬಲ್ಲವು.

1988ರಲ್ಲಿ ಉತ್ತರ ಅಮೆರಿಕದ ಸೇಂಟ್ ಕ್ಲೇರ್ ಸರೋವರದಲ್ಲಿ ಪತ್ತೆಯಾದ ಜೀಬ್ರಾ ಚಿಪ್ಪುಜೀವಿ, ರಸ್ತೆಯಲ್ಲಿ ಸಾಗಿದ ದೋಣಿಗಳ ಮೂಲಕವೂ ಒಳನಾಡಿನ ಸರೋವರಗಳಿಗೆ ಹಬ್ಬಿತು. ಅಲ್ಲಿನ ಮಿನ್ನೆಸೋಟ ರಾಜ್ಯದಲ್ಲಿ ನೀರು ಬಸಿಯುವ ಬಿರಡೆಯನ್ನು ತೆಗೆದೇ ದೋಣಿ ಸಾಗಿಸಬೇಕೆಂಬುದು ಕಾನೂನು.

ಚಿತ್ರದುರ್ಗಕ್ಕೆ ಕುಡಿಯುವ ನೀರನ್ನೂ ಚನ್ನಗಿರಿ ಸೀಮೆಯ ಗದ್ದೆ, ತೋಟಗಳಿಗೆ ನೀರಾವರಿಯನ್ನೂ ಒದಗಿಸುವ ಈ ಕೆರೆಗೆ ಅಂಥ ನಿಯಮ ಬೇಡವೇ? ತೊಳೆದು, ಬಸಿದು, ಒಣಗಿಸಿದ ದೋಣಿಯನ್ನು ಮಾತ್ರ ನೀರಿಗಿಳಿಸತಕ್ಕದ್ದು. ತಪಾಸಣೆಯಲ್ಲಿ ಗ್ರಾಮಸ್ಥರೂ ವಿದ್ಯಾರ್ಥಿಗಳೂ ಪಾಲ್ಗೊಳ್ಳಬೇಕು. ಕೆರೆ ತುಂಬಿದ ಕಳೆಯನ್ನು ಕೀಳುವುದಕ್ಕಿಂತ ದಡದಲ್ಲೇ ತಡೆಯುವುದು ಸುಲಭ.